ದಾಂಪತ್ಯದ ನಡೆ, ಬಾಳಿನ ನೆಮ್ಮದಿ

‘ದಂಪತಿ’ ಎಂಬ ಶಬ್ದಕ್ಕೆ ವೈಯಾಕರಣರು ಹೇಳುವ ವ್ಯುತ್ಪತ್ತಿ ಒಂದು, ವೇದಾರ್ಥವನ್ನು ಬಲ್ಲವರು ಹೇಳುವ ವ್ಯುತ್ಪತ್ತಿ ಇನ್ನೊಂದು. ಜಾಯಾ, ಪತಿ ಎಂಬೆರಡು ಪದಗಳು ಸಮಾಸಗೊಂಡಾಗ ಮೊದಲ ಪದದ ಸ್ಥಾನದಲ್ಲಿ ‘ದಂ’ ಎಂಬುದು ಬರುತ್ತದೆಂಬುದು ಮೊದಲಿನವರ ಮತ. ‘ದಮ’ವೆಂದರೆ ಮನೆ, ಮನೆಯ ಒಡೆತನವುಳ್ಳ ಇಬ್ಬರೂ ದಂಪತಿಗಳು ಎಂಬುದು ಎರಡನೆಯವರ ಮತ. ಮತಭೇದವೇನೇ ಇರಲಿ, ಗಂಡಹೆಂಡಿರೆಂಬ ಅರ್ಥದಲ್ಲಿ ಸಂಸ್ಕೃತವು ಈ ಶಬ್ದವನ್ನು ದ್ವಿವಚನದಲ್ಲಿಯೇ ಪ್ರಯೋಗಿಸುತ್ತದೆ. ಮನೆಗೆ ಒಡೆತನ ಇಬ್ಬರದೆಂಬ ತತ್ತ್ವವನ್ನು ವ್ಯಾಕರಣವೇ ಎತ್ತಿಹಿಡಿದಂತಿದೆ. ಕನ್ನಡಿಗರಾದರೋ ‘ಸಂಸಾರ’ ಎಂಬ ಒಂದೇ ಮಾತನ್ನು ಹುಟ್ಟುಸಾವುಗಳ ಪ್ರವಾಹಕ್ಕೂ, ಮನೆವಾರ್ತೆಗೂ, ಆಡುಮಾತಿನಲ್ಲಿ ಮಡದಿಗೂ ಬಳಸುತ್ತ ಬಂದಿದ್ದಾರೆ. ಮನುಷ್ಯನ ಪಾಲಿಗೆ ಲೋಕವೆಂದರೆ ಮೊದಲು ತನ್ನ ಮನೆ, ಮನೆಯೆಂದರೆ ಮೊದಲು ತನ್ನ ಸಂಗಾತಿ ಎಂಬ ಅನುಭವ ಆ ಪ್ರಯೋಗದಲ್ಲಿ ಅಡಗಿದೆ.

ಇಂತಹ ಘನವಾದ ವಿಷಯಕ್ಕೆ ಸಮಾಜವು ಕೊಡುತ್ತಿರುವ ಗಮನವನ್ನು ನೋಡಿದರೆ ಆಶ್ಚರ್ಯವಾಗದಿರದು. ಮದುವೆಯ ಒಂದು ದಿನಕ್ಕಾಗಿ ವರ್ಷಗಟ್ಟಲೆ ಸಿದ್ಧತೆ ನಡೆಯುತ್ತದೆ. ಕಲ್ಯಾಣಮಂಟಪ, ಜವಳಿ, ಬಂಗಾರ, ಊಟೋಪಚಾರಗಳಿಗೆ ಸಾಲ ಮಾಡಿಯಾದರೂ ಹಣ ಹೊಂದಿಸಲಾಗುತ್ತದೆ. ಆ ದಿನದ ಮರುದಿನದಿಂದ ಮೊದಲಾಗುವ ಐವತ್ತು ವರ್ಷಗಳ ಸಹಜೀವನಕ್ಕೆ ಸಿದ್ಧತೆ ಎಂಬುದೇ ಇಲ್ಲ. ಬಾಳಿನ ಸುಖದುಃಖಗಳು ನಿಂತಿರುವುದು ಆ ಐವತ್ತು ವರ್ಷಗಳ ದಿನದಿನದ ನಡೆನುಡಿಗಳ ಮೇಲೆ. ಮನೆಯಲ್ಲಿ ಪರಿವರ್ತನೆಗಳಾದಾಗ ಒಬ್ಬರ ಜೊತೆಗೆ ಇನ್ನೊಬ್ಬರು ನಿಂತರೋ ಇಲ್ಲವೋ ಎಂಬುದರ ಮೇಲೆ. ಈ ಅಂಶವನ್ನು ಮನೆ, ಮಠ, ಶಾಲೆ ಮೂರೂ ಗಂಭೀರವಾಗಿ ಪರ್ಯಾಲೋಚಿಸಬೇಕಾದ ಕಾಲ ಬಂದಿದೆ.

ದಾಂಪತ್ಯದ ಅವಧಿಯೇ ಹಿಂದೆಂದೂ ಇಲ್ಲದಷ್ಟು ದೀರ್ಘವಾಗಿರುವುದನ್ನು ಮೊದಲು ಲಕ್ಷಿಸಬೇಕು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯನ ಸರಾಸರಿ ಆಯುರ್ಮಾನ ಸುಮಾರು 32 ವರ್ಷ ಮಾತ್ರವಾಗಿತ್ತು; ಈಗ ಅದು 70ರ ಆಸುಪಾಸಿನಲ್ಲಿದೆ. ಹಿಂದಿನ ಆ ಅಲ್ಪಸಂಖ್ಯೆಗೆ ಎಳೆಯ ಶಿಶುಗಳ ಮರಣವೇ ಬಹುಮಟ್ಟಿಗೆ ಕಾರಣವೆಂಬುದು ನಿಜ. ಆದರೆ ಬೆಳೆದವರೂ ಅಕಾಲದಲ್ಲಿ ಸಾಯುತ್ತಿದ್ದರು. ಬಾಣಂತನದಲ್ಲಿ ತೀರಿಕೊಂಡ ತಾಯಂದಿರ ಲೆಕ್ಕವನ್ನು ಇಟ್ಟವರಾರು? 1898ರ ಪ್ಲೇಗು, 1918ರ ಇನ್‌ಫ್ಲುಯೆಂಜಾ ಜ್ವರ ಕನ್ನಡನಾಡಿನ ಅದೆಷ್ಟೋ ಮನೆಗಳ ದೀಪವನ್ನು ಆರಿಸಿದವು. ನಡುವಯಸ್ಸಿಗೆ ಮುಂಚೆಯೇ ಒಂದು ಜೀವ ಅಗಲಿ, ಉಳಿದ ಜೀವ ಒಂಟಿಯಾಗುವುದು ಅಂದು ಅಪರೂಪದ ಸಂಗತಿಯಾಗಿರಲಿಲ್ಲ. ವೈದ್ಯಶಾಸ್ತ್ರದ ಪ್ರಗತಿಯಿಂದ ಇಂದು ಇಪ್ಪತ್ತೈದರಲ್ಲಿ ಮದುವೆಯಾದವರು ಎಪ್ಪತ್ತೈದರವರೆಗೂ ಒಟ್ಟಿಗೆ ಬಾಳುವುದನ್ನು ನಿರೀಕ್ಷಿಸಬಹುದಾಗಿದೆ.

ಇದರ ಜೊತೆಗೆ ಮಕ್ಕಳ ಸಂಖ್ಯೆಯೂ ಇಳಿದಿದೆ. 1950ರ ದಶಕದಲ್ಲಿ ದೇಶದ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆ ಸಂಖ್ಯೆ ದೇಶದಲ್ಲಿ 2.0, ಕರ್ನಾಟಕದಲ್ಲಿ 1.7. ಹಿಂದೆ ಕೊನೆಯ ಮಗುವಿನ ಮದುವೆಯ ಹೊತ್ತಿಗೆ ತಂದೆತಾಯಿಗಳು ಮುಪ್ಪಿನಲ್ಲಿರುತ್ತಿದ್ದರು. ಈಗ ಮಗ ಬೆಂಗಳೂರಿಗೋ ಪುಣೆಗೋ ಅಮೆರಿಕೆಗೋ ಹೊರಟು ನಿಂತಾಗ ತಂದೆಗೆ ಐವತ್ತೈದು ತುಂಬಿರುವುದಿಲ್ಲ. ಅಲ್ಲಿಂದ ಮುಂದೆ ಇಪ್ಪತ್ತು–ಮೂವತ್ತು ವರ್ಷ ಒಂದು ದೊಡ್ಡ ಮನೆಯಲ್ಲಿ ಇಬ್ಬರೇ. ಮಕ್ಕಳ ಓದು, ಮದುವೆ, ಹೊಲಮನೆಗಳ ಮಾತಿನಲ್ಲಿ ಕಾಲ ಕಳೆದವರಿಗೆ ತಮ್ಮಿಬ್ಬರ ನಡುವೆ ಬೇರೆ ಮಾತೇ ಉಳಿದಿಲ್ಲವೆಂಬುದು ಆಗ ಗೋಚರಿಸುತ್ತದೆ. ಎದುರುಬದುರು ಕುಳಿತು ಮೌನವಾಗಿ ಉಣ್ಣುವ ದಂಪತಿಗಳ ಮನೆಗಳು ಈಗ ಪ್ರತಿಯೊಂದು ಊರಿನಲ್ಲಿಯೂ ಇವೆ. ಇದು ದಾರಿದ್ರ್ಯದ ಫಲವಲ್ಲ. ಅನೇಕ ಕಡೆ ಸಂಪತ್ತಿನ ನಡುವೆಯೇ ಈ ಬಡತನ ಕಾಣುತ್ತದೆ.

ಮನಸ್ಸಿನ ನೆಮ್ಮದಿಗೂ ಶರೀರದ ಆರೋಗ್ಯಕ್ಕೂ ದಾಂಪತ್ಯದ ನಡೆಗೂ ಇರುವ ಸಂಬಂಧವನ್ನು ಪಾಶ್ಚಾತ್ಯ ವಿದ್ವಾಂಸರು ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ 268 ಮಂದಿ ವಿದ್ಯಾರ್ಥಿಗಳನ್ನು ಆಯ್ದುಕೊಂಡು ಒಂದು ಅಧ್ಯಯನ ಆರಂಭವಾಯಿತು. ಮುಂದೆ ಬಾಸ್ಟನ್ ನಗರದ ಬಡಕೇರಿಗಳ 456 ಹುಡುಗರೂ ಅದರಲ್ಲಿ ಸೇರಿದರು. ಅವರ ಆರೋಗ್ಯ, ಉದ್ಯೋಗ, ವಿವಾಹ, ಮಕ್ಕಳುಮರಿಗಳ ವಿವರಗಳನ್ನು ಮುಪ್ಪಿನವರೆಗೂ ಸಂಗ್ರಹಿಸಿ ಇಡಲಾಯಿತು. ಐವತ್ತನೆಯ ವಯಸ್ಸಿನಲ್ಲಿ ಯಾರು ತಮ್ಮ ಆಪ್ತ ಸಂಬಂಧಗಳಲ್ಲಿ ತೃಪ್ತರಾಗಿದ್ದರೋ ಅವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂದೂ, ರಕ್ತದಲ್ಲಿನ ಕೊಬ್ಬಿನಂಶದ ಪ್ರಮಾಣಕ್ಕಿಂತ ಈ ತೃಪ್ತಿಯೇ ಮುಂದಿನ ಆರೋಗ್ಯದ ಉತ್ತಮ ಸೂಚಕವಾಗಿತ್ತೆಂದೂ ಆ ಅಧ್ಯಯನದ ನಿರ್ದೇಶಕರಾದ ರಾಬರ್ಟ್ ವಾಲ್ಡಿಂಜರ್ ತಿಳಿಸಿದ್ದಾರೆ. ಮೊದಲಿಗೆ ಆಯ್ದವರೆಲ್ಲರೂ ಒಂದು ದೇಶದ ಗಂಡಸರೇ ಆದುದರಿಂದ ಈ ನಿರ್ಣಯವನ್ನು ಎಲ್ಲ ಜನಾಂಗಗಳಿಗೂ ಹಾಗೆಯೇ ಅನ್ವಯಿಸುವುದು ಉಚಿತವಲ್ಲ. ಆದರೂ ಹಿರಿಯರ ಅನುಭವಕ್ಕೆ ಇದು ವಿರುದ್ಧವಾದುದಲ್ಲ.

ಓಹಾಯೋ ರಾಜ್ಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆ ಇನ್ನೂ ಸ್ವಾರಸ್ಯಕರವಾದುದು. 42 ದಂಪತಿಗಳ ತೋಳಿನ ಮೇಲೆ ಚಿಕ್ಕ ಬೊಕ್ಕೆಗಳನ್ನೆಬ್ಬಿಸಿ, ಅವು ಎಷ್ಟು ಕಾಲದಲ್ಲಿ ಮಾಯುತ್ತವೆಂಬುದನ್ನು ಅಳೆಯಲಾಯಿತು. ಪರಸ್ಪರ ಕಟುವಾಗಿ ವರ್ತಿಸುತ್ತಿದ್ದ ದಂಪತಿಗಳ ಗಾಯ, ಸೌಮ್ಯವಾಗಿ ವರ್ತಿಸುವವರ ಗಾಯ ಮಾಯುವ ವೇಗದ ಶೇಕಡ 60ರಷ್ಟು ವೇಗದಲ್ಲಿ ಮಾತ್ರ ಮಾಯಿತು. ಮಾತಿನ ಪೆಟ್ಟು ಮನಸ್ಸಿಗೆ ಮಾತ್ರವೇ ತಾಗುತ್ತದೆಂದು ತಿಳಿದವರು ಈ ಸಂಗತಿಯನ್ನು ಗಮನಿಸಬೇಕು. ಕಟುವಚನವು ಚರ್ಮದವರೆಗೂ ಇಳಿಯುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಜನ ಜಗಳಕ್ಕೆ ಸಮರ್ಥನೆಯಾಗಿ ಬಳಸುವುದುಂಟು. ಗಾದೆಯ ಒತ್ತು ಇರುವುದು ಜಗಳದ ಮೇಲಲ್ಲ. ಅದು ಮುಗಿಯಬೇಕಾದ ಗಡುವಿನ ಮೇಲೆ. ಉಂಡು ಮಲಗಿದ ಮೇಲೂ ಮುಂದುವರಿಯುವ ಜಗಳ ಗಾದೆಯ ಎಲ್ಲೆಯನ್ನು ಮೀರಿದ ಜಗಳ.

ಪ್ರೇಮವಿವಾಹ ಮೇಲೋ, ಹಿರಿಯರು ನಿಶ್ಚಯಿಸಿದ ವಿವಾಹ ಮೇಲೋ ಎಂಬ ಚರ್ಚೆ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹಳ ಕಾಲದಿಂದ ನಡೆಯುತ್ತಿದೆ. ಆ ಚರ್ಚೆಯೆಲ್ಲ ಆರಂಭದ ದಿನವನ್ನು ಕುರಿತದ್ದು. ಜರ್ಮನಿಯಲ್ಲಿ 1984ರಿಂದ ಸಾವಿರಾರು ಮನೆಗಳ ಜನರನ್ನು ವರ್ಷವರ್ಷವೂ ಪ್ರಶ್ನಿಸಿ ಸಂಗ್ರಹಿಸಿದ ಮಾಹಿತಿಯನ್ನು ಆಧರಿಸಿ 2003ರಲ್ಲಿ ವಿದ್ವಾಂಸರು ಒಂದು ವಿಚಾರವನ್ನು ಮಂಡಿಸಿದರು. ಮದುವೆಯಿಂದ ಹೆಚ್ಚಿದ ಸಂತೋಷ ಸಾಮಾನ್ಯವಾಗಿ ಕೆಲವೇ ವರ್ಷಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆದರೆ ಇದು ಸರಾಸರಿಯ ಮಾತು. ಕೆಲವರ ಸಂತೋಷ ಏರಿದಲ್ಲಿಯೇ ನಿಂತಿತು, ಕೆಲವರದು ಮೊದಲಿಗಿಂತಲೂ ಕೆಳಗಿಳಿಯಿತು. ಮೊದಲ ಅನುರಾಗವು ಎಲ್ಲರಿಗೂ ದೊರೆಯಬಹುದಾದ ಬಂಡವಾಳ; ಅದನ್ನು ವೃದ್ಧಿಗೊಳಿಸುವುದು ಮುಂದಿನ ದುಡಿಮೆ. ಮಹಾಕವಿ ಭವಭೂತಿಯು ‘ಉತ್ತರರಾಮಚರಿತ’ದಲ್ಲಿ ವರ್ಣಿಸುವ ಪ್ರೇಮವು ಹೊಸ ಯೌವನದ ಪ್ರೇಮವಲ್ಲ; ಕಾಲ ಕಳೆದಂತೆ ಸಂಕೋಚದ ತೆರೆ ಸರಿದು, ಸುಖದಲ್ಲಿಯೂ ದುಃಖದಲ್ಲಿಯೂ ಒಂದೇ ಆಗಿ ಪಕ್ವಗೊಂಡ ಪ್ರೇಮ. ಕನ್ನಡದಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯು 1942ರಲ್ಲಿ ಪ್ರಕಟವಾಗಿ ಮನೆಮನೆಯ ಪುಸ್ತಕವಾದುದಕ್ಕೆ, ಒಲವನ್ನು ಅರಮನೆ ಉಪವನಗಳಿಂದ ಬಿಡಿಸಿ ಸಾಮಾನ್ಯ ಗೃಹಸ್ಥನ ನಡುಮನೆಗೆ ತಂದುದೇ ಕಾರಣ. ಪ್ರೀತಿಯ ಮಾತು ಹೊರದೇಶದಿಂದ ಬಂದ ಚಾಪಲ್ಯವೆಂದು ಹುಬ್ಬುಗಂಟಿಕ್ಕುವ ಹಿರಿಯರು ಈ ಪರಂಪರೆಯನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕುಟುಂಬದ ಪರಿವರ್ತನೆಗಳ ವಿಚಾರ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕೆಯ ಇಬ್ಬರು ತಜ್ಞರು ಮನುಷ್ಯನ ಬಾಳಿನಲ್ಲಿ ಒದಗುವ 43 ಘಟನೆಗಳನ್ನು ಪಟ್ಟಿ ಮಾಡಿ, ಅವುಗಳಿಂದ ಮನಸ್ಸಿನ ಮೇಲೆ ಬೀಳುವ ಭಾರಕ್ಕೆ ಅಂಕಗಳನ್ನು ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100 ಅಂಕ, ವಿವಾಹವಿಚ್ಛೇದನಕ್ಕೆ 73, ಮಕ್ಕಳು ಮನೆ ಬಿಟ್ಟು ಹೋಗುವುದಕ್ಕೆ 29. ಮಂಗಳಕಾರ್ಯವಾದ ಮದುವೆಗೂ 50 ಅಂಕಗಳಿವೆ! ಶುಭವಾಗಲಿ, ಅಶುಭವಾಗಲಿ, ಪರಿವರ್ತನೆಯೆಂಬುದೇ ಒಂದು ಭಾರವೆಂಬುದು ಇದರ ತಾತ್ಪರ್ಯ. ಕನ್ನಡ ತಾಯಂದಿರಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಕಲನವನ್ನು ತೆರೆದು ನೋಡಿದರೆ, ತವರು ಬಿಟ್ಟು ಅತ್ತೆಮನೆ ಸೇರಿದ ಹೆಣ್ಣಿನ ಹಂಬಲ, ಅಣ್ಣತಮ್ಮಂದಿರ ನೆನಪು, ಮಗುವಿನ ಮುಖ ಕಂಡಾಗಿನ ಸಮಾಧಾನ ಎಲ್ಲವೂ ತ್ರಿಪದಿಗಳಲ್ಲಿ ತುಂಬಿರುವುದು ಕಾಣುತ್ತದೆ. ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಆ ತಾಯಂದಿರು ತಮ್ಮ ಭಾರವನ್ನು ಇಳಿಸಿಕೊಳ್ಳುತ್ತಿದ್ದರು. ಬೀಸುವ ಕಲ್ಲು ಮೂಲೆ ಸೇರಿತು, ಹಾಡೂ ನಿಂತಿತು. ಭಾರ ಮಾತ್ರ ಹಾಗೆಯೇ ಉಳಿಯಿತು.

ಕೂಡುಕುಟುಂಬ ಒಡೆದುದೇ ಸಕಲ ಅನರ್ಥಗಳಿಗೂ ಮೂಲವೆಂದು ಹಳಹಳಿಸುವವರು ಅನೇಕರಿದ್ದಾರೆ. ಕೂಡುಕುಟುಂಬದ ಗುಣಗಳು ಅಲ್ಲಗಳೆಯುವಂತಹವಲ್ಲ. ತಾಯಿ ಸತ್ತ ಮಗುವಿಗೆ ಅಲ್ಲಿ ಅಜ್ಜಿಯ ಮಡಿಲಿತ್ತು, ದೊಡ್ಡವ್ವನ ಕೈತುತ್ತಿತ್ತು. ಗಂಡಹೆಂಡಿರು ಮುನಿದರೆ ನಡುವೆ ನಿಂತು ಬುದ್ಧಿ ಹೇಳುವ ಹಿರಿಯರಿದ್ದರು. ರೋಗಿಯ ಪಕ್ಕದಲ್ಲಿ ರಾತ್ರಿ ಎಚ್ಚರವಾಗಿ ಕೂರಲು ನಾಲ್ಕು ಜನರಿದ್ದರು. ಆದರೆ ಅದೇ ಮನೆಯಲ್ಲಿ ಹೊಸ ಸೊಸೆ ತನ್ನ ಗಂಡನೊಡನೆ ಹಗಲು ಹೊತ್ತಿನಲ್ಲಿ ಎರಡು ಮಾತು ಆಡಲು ಅಂಜುತ್ತಿದ್ದಳು. ಗಂಡ ಸತ್ತ ಹೆಣ್ಣುಮಗಳು ಜೀವನಪರ್ಯಂತ ಒಲೆಯ ಮುಂದೆ ದುಡಿದು ಕೊನೆಯ ಪಂಕ್ತಿಯಲ್ಲಿ ಉಣ್ಣುತ್ತಿದ್ದಳು. ಚಿಕ್ಕ ಕುಟುಂಬವು ಸೊಸೆಗೆ ಮಾತನ್ನು ಕೊಟ್ಟಿತು, ಆದರೆ ಆ ಮಾತನ್ನು ಕೇಳುವವನು ಒಬ್ಬನೇ ಆದ. ಹಿಂದೆ ಹತ್ತು ಜನ ಹಂಚಿಕೊಳ್ಳುತ್ತಿದ್ದ ಆಸರೆ, ಆಲೋಚನೆ, ಆರೈಕೆಗಳನ್ನೆಲ್ಲ ಇಂದು ಗಂಡಹೆಂಡಿರು ಒಬ್ಬರಿಂದೊಬ್ಬರು ನಿರೀಕ್ಷಿಸುತ್ತಾರೆ. ಹತ್ತು ಹೆಗಲಿನ ಹೊರೆ ಎರಡೇ ಹೆಗಲಿಗೆ ಬಿದ್ದಾಗ ಹೆಗಲು ನೋಯುವುದು ಸಹಜ. ಹಳೆಯ ಮನೆಗೆ ಮರಳುವುದು ಸಾಧ್ಯವಿಲ್ಲ. ಎಲ್ಲರ ದೃಷ್ಟಿಯಿಂದ ಅದು ಇಷ್ಟವೂ ಅಲ್ಲ. ಆ ಮನೆಯ ಆಸರೆಯನ್ನು ನೆರೆಹೊರೆ, ಬಂಧುಬಳಗ, ಸಂಘಸಂಸ್ಥೆಗಳ ಮೂಲಕ ಬೇರೆ ರೂಪದಲ್ಲಿ ಕಟ್ಟಿಕೊಳ್ಳುವುದೊಂದೇ ದಾರಿ.

ವೈಧವ್ಯದ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ನಾಲ್ಕು ಕೋಟಿಗೂ ಮಿಕ್ಕಿ ವಿಧವೆಯರಿದ್ದರು. ಮಡದಿಯನ್ನು ಕಳೆದುಕೊಂಡ ಗಂಡಸರ ಸಂಖ್ಯೆ ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗಂಡಸು ಹಿರಿಯನಾಗಿದ್ದು ಮೊದಲು ಸಾಯುತ್ತಾನೆಂಬುದೊಂದು ಕಾರಣ. ಮಡದಿ ಸತ್ತ ಗಂಡಸಿಗೆ ಬಂಧುಗಳೇ ಇನ್ನೊಂದು ಹೆಣ್ಣು ಹುಡುಕುತ್ತಾರೆ, ಗಂಡ ಸತ್ತ ಹೆಣ್ಣಿಗೆ ಹುಡುಕುವುದಿಲ್ಲವೆಂಬುದು ಇನ್ನೊಂದು. ವಿಧವಾ ಪುನರ್ವಿವಾಹಕ್ಕೆ ಕಾನೂನಿನ ಮಾನ್ಯತೆ ದೊರೆತುದು 1856ರಲ್ಲಿ. ಗುಲ್ವಾಡಿ ವೆಂಕಟರಾಯರು ಎಳೆಯ ವಿಧವೆಯ ಮರುಮದುವೆಯನ್ನೇ ವಸ್ತುವಾಗುಳ್ಳ ‘ಇಂದಿರಾಬಾಯಿ’ ಕಾದಂಬರಿಯನ್ನು ಪ್ರಕಟಿಸಿದುದು 1899ರಲ್ಲಿ. ಕನ್ನಡ ಸಾಮಾಜಿಕ ಕಾದಂಬರಿ ಕಣ್ಣು ತೆರೆದುದೇ ಈ ಪ್ರಶ್ನೆಯೊಡನೆ. ಉತ್ತರ ಕರ್ನಾಟಕದ ಲಿಂಗಾಯತರಲ್ಲಿಯೂ ಇತರ ಅನೇಕ ಒಕ್ಕಲು ಸಮುದಾಯಗಳಲ್ಲಿಯೂ ‘ಉಡಿಕೆ’ ಎಂಬ ಹೆಸರಿನಿಂದ ವಿಧವೆಗೆ ಸೀರೆ ಉಡಿಸಿ ಮರುಮದುವೆ ಮಾಡುವ ಪದ್ಧತಿ ಕಾನೂನಿಗಿಂತ ಹಿಂದಿನಿಂದಲೂ ಇದ್ದಿತು. ಆದರೆ ಹಲವೆಡೆ ಆ ಕಾರ್ಯವನ್ನು ರಾತ್ರಿಯ ಹೊತ್ತಿನಲ್ಲಿ, ವಾದ್ಯಮೇಳಗಳಿಲ್ಲದೆ, ಯಾವುದೋ ತಪ್ಪು ಕಾರ್ಯವೆಂಬಂತೆ ನಡೆಸುತ್ತಿದ್ದರು. ಕೈಯಲ್ಲಿ ಹಣ ಓಡಾಡತೊಡಗಿದ ಮನೆತನಗಳು ಪ್ರತಿಷ್ಠೆಯ ಹೆಸರಿನಲ್ಲಿ ಇದ್ದ ಆ ಪದ್ಧತಿಯನ್ನೂ ಕೈಬಿಟ್ಟವು. ಪೂರ್ವಿಕರು ತೆರೆದಿಟ್ಟ ಬಾಗಿಲನ್ನು ವಿದ್ಯಾವಂತರಾದ ಮಕ್ಕಳು ಮುಚ್ಚಿದರೆಂಬುದು ಎಷ್ಟು ಖೇದದ ವಿಷಯ!

ಅಗಲಿಕೆಯ ದುಃಖ ಹೆಂಗಸರಿಗೆ ಮಾತ್ರ ಸೇರಿದುದೆಂದು ತಿಳಿಯಬಾರದು. ಇಂಗ್ಲೆಂಡಿನ ಪಾರ್ಕ್ಸ್ ಮತ್ತು ಸಂಗಡಿಗರು 55 ವರ್ಷ ದಾಟಿದ 4,486 ವಿಧುರರನ್ನು ಕುರಿತು 1969ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮಡದಿ ತೀರಿಕೊಂಡ ಮೊದಲ ಆರು ತಿಂಗಳುಗಳಲ್ಲಿ ಅವರಲ್ಲಿ ಮರಣದ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡ 40ರಷ್ಟು ಹೆಚ್ಚಾಗಿತ್ತು. ಎದೆಯೊಡೆದು ಸತ್ತರೆಂದು ಹಳ್ಳಿಯ ಜನ ಹೇಳುವ ಮಾತು ಬರಿಯ ಅಲಂಕಾರವಲ್ಲವೆಂದಾಯಿತು. ಗಂಡಸಿಗೆ ತನ್ನ ದುಃಖವನ್ನು ಆಡಿಕೊಳ್ಳುವ ಅಭ್ಯಾಸವಿಲ್ಲ; ಅನೇಕರಿಗೆ ಒಂದು ಲೋಟ ಚಹಾ ಕಾಯಿಸಿಕೊಳ್ಳಲೂ ಬರುವುದಿಲ್ಲ. ನಲವತ್ತು ವರ್ಷ ನೆಂಟರಿಷ್ಟರೊಡನೆ ಸಂಬಂಧವನ್ನು ಉಳಿಸಿಕೊಂಡು ಬಂದವಳು ಮಡದಿ. ಅವಳು ಹೋದೊಡನೆ ಆ ಎಳೆಗಳೂ ಕಡಿದುಹೋಗುತ್ತವೆ. ಮೇಲೆ ಹೇಳಿದ ಜರ್ಮನಿಯ ಅಧ್ಯಯನದ ಪ್ರಕಾರ, ಸಂಗಾತಿಯನ್ನು ಕಳೆದುಕೊಂಡವರ ಮನಸ್ಸು ಮೊದಲಿನ ನೆಮ್ಮದಿಯ ಹತ್ತಿರಕ್ಕೆ ಬರಲು ಸರಾಸರಿ ಎಂಟು ವರ್ಷಗಳು ಬೇಕಾದವು. ದಿನಕರ್ಮಗಳು ಮುಗಿದು ಬಂಧುಗಳು ಊರಿಗೆ ಮರಳಿದ ಮೇಲೆ ನಿಜವಾದ ಶೋಕ ಮೊದಲಾಗುತ್ತದೆ. ಸಾಂತ್ವನದ ಅಗತ್ಯವಿರುವುದು ಆಗ.

ಸಂಸಾರವೆಂದ ಮೇಲೆ ಸೈರಣೆ ಬೇಕು, ಸೈರಿಸಿಕೊಂಡು ಹೋದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಹಿರಿಯರ ಸಾಮಾನ್ಯ ಉಪದೇಶ. ಸೈರಣೆ ದೊಡ್ಡ ಗುಣವೇ ಸರಿ. ಆದರೆ ಈ ಉಪದೇಶವನ್ನು ಯಾರಿಗೆ ಮಾಡಲಾಗುತ್ತಿದೆ? ಬಹುತೇಕ ಹೆಣ್ಣಿಗೇ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44ರಷ್ಟು ಮಂದಿ ಒಮ್ಮೆಯಾದರೂ ಗಂಡನಿಂದ ಹಿಂಸೆಗೆ ಒಳಗಾದುದಾಗಿ ತಿಳಿಸಿದ್ದಾರೆ. ಅದೇ ಸಮೀಕ್ಷೆಯಲ್ಲಿ, 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐದರಲ್ಲಿ ಒಬ್ಬಳಿಗೆ 18 ತುಂಬುವ ಮುನ್ನವೇ ಮದುವೆಯಾಗಿತ್ತೆಂದು ತಿಳಿದುಬಂದಿದೆ. ಶರಣರ ನಾಡೆಂದು ಹೆಮ್ಮೆಪಡುವ ಕರ್ನಾಟಕಕ್ಕೆ ಈ ಅಂಕಿಗಳು ಶೋಭೆ ತರತಕ್ಕವಲ್ಲ. ಒಂದೇ ಕಡೆಯ ಸೈರಣೆ ದಾಂಪತ್ಯವಾಗದು, ಅದು ಸೆರೆವಾಸ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ಚಲನಚಿತ್ರವಾಗಿಸಿದಾಗ ಕನ್ನಡನಾಡೇ ಕಣ್ಣೀರಿಟ್ಟಿತು. ಮನೋರೋಗದಿಂದ ಗುಣಹೊಂದಿ ಮನೆಗೆ ಮರಳಿದ ಗೃಹಿಣಿಯನ್ನು ಗಂಡನೂ ನೆರೆಹೊರೆಯವರೂ ಸಂಶಯದ ಕಣ್ಣಿನಿಂದ ನೋಡಿ ಮತ್ತೆ ರೋಗಕ್ಕೆ ನೂಕುತ್ತಾರೆ. ಆಸ್ಪತ್ರೆ ಗುಣಪಡಿಸಿದುದನ್ನು ಮನೆ ಕೆಡಿಸಿತು. ಕಣ್ಣೀರಿಟ್ಟ ಪ್ರೇಕ್ಷಕರು ತಮ್ಮ ತಮ್ಮ ಮನೆಗಳಲ್ಲಿ ಹೇಗೆ ನಡೆದುಕೊಂಡರೆಂಬುದು ಬೇರೆ ಪ್ರಶ್ನೆ.

ಶಾಸನಗಳು ತಮ್ಮ ಪಾಲಿನ ಕೆಲಸವನ್ನು ಮಾಡುತ್ತ ಬಂದಿವೆ. 1955ರ ಹಿಂದೂ ವಿವಾಹ ಕಾಯಿದೆ ಏಕಪತ್ನೀತ್ವವನ್ನು ವಿಧಿಸಿತು. 1976ರಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಅವಕಾಶ ದೊರೆಯಿತು. 1978ರಲ್ಲಿ ವಿವಾಹದ ಕನಿಷ್ಠ ವಯಸ್ಸು ಹೆಣ್ಣಿಗೆ 18, ಗಂಡಿಗೆ 21 ಎಂದಾಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲನ್ನು ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಕೊಟ್ಟಿತು. 2005ರಲ್ಲಿ ಕೌಟುಂಬಿಕ ಹಿಂಸೆಯ ವಿರುದ್ಧವೂ 2007ರಲ್ಲಿ ವೃದ್ಧ ತಂದೆತಾಯಿಗಳ ಪೋಷಣೆಯ ಸಲುವಾಗಿಯೂ ಕಾಯಿದೆಗಳು ಬಂದವು. ಇವೆಲ್ಲವೂ ಅಗತ್ಯವಾದುವೇ. ಆದರೆ ಕಾಯಿದೆಯು ಅನ್ಯಾಯವನ್ನು ತಡೆಯಬಲ್ಲುದೇ ಹೊರತು ಒಲವನ್ನು ಹುಟ್ಟಿಸಲಾರದು. ನ್ಯಾಯಮಂಡಳಿ ಮಗನಿಂದ ತಾಯಿಗೆ ತಿಂಗಳ ಹಣವನ್ನು ಕೊಡಿಸಬಹುದು, ‘ಊಟವಾಯಿತೇ ಅವ್ವಾ?’ ಎಂಬ ಮಾತನ್ನು ಕೊಡಿಸಲಾರದು.

ಆ ಮಾತಿನ ಸಂಸ್ಕಾರ ಈ ನೆಲದಲ್ಲಿ ಹೊಸದಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮಡದಿ ಲಕ್ಕಮ್ಮ ಅವನನ್ನು ತಡೆದು, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಎಚ್ಚರಿಸಿದಳು. ಅವಳ ನಿಲುವು ಸರ್ವವಿದಿತ. ಅವನ ನಡೆಯನ್ನು ಗಮನಿಸುವವರು ವಿರಳ. ಹೆಂಡತಿ ತಿದ್ದಿದಾಗ ಮಾರಯ್ಯ ಮುನಿಯಲಿಲ್ಲ, ಅವಮಾನವಾಯಿತೆಂದು ಬಗೆಯಲಿಲ್ಲ. ಅಕ್ಕಿಯನ್ನು ಮರಳಿಸಿ ಬಂದ. ಹೇಳುವ ಧೈರ್ಯ ಒಬ್ಬರಿಗೂ ಕೇಳುವ ವಿನಯ ಇನ್ನೊಬ್ಬರಿಗೂ ಇರುವಲ್ಲಿ, ಆ ಎರಡು ಗುಣಗಳೂ ಸರದಿಯ ಮೇಲೆ ಇಬ್ಬರಲ್ಲಿಯೂ ತೋರುವಲ್ಲಿ, ದಾಂಪತ್ಯ ಸ್ನೇಹವಾಗುತ್ತದೆ. ಅದೇ ಕಾಲದಲ್ಲಿ ಅಕ್ಕಮಹಾದೇವಿ ಲೌಕಿಕ ಪತಿಯ ಬಂಧನವನ್ನು ತೊರೆದು ಬಂದಾಗ ಕಲ್ಯಾಣದ ಶರಣರು ಅವಳನ್ನು ಪರೀಕ್ಷಿಸಿ, ಗೌರವಿಸಿ, ತಮ್ಮ ಗೋಷ್ಠಿಯಲ್ಲಿ ಸೇರಿಸಿಕೊಂಡರು. ಮದುವೆಯೊಂದೇ ಬಾಳಿನ ಸಾರ್ಥಕ್ಯವೆಂದು ಅವರು ಎಣಿಸಲಿಲ್ಲ. ಒಂಟಿಯಾಗಿ ಬಾಳಬಯಸಿದವರಿಗೂ ಹಿಂಸೆಯ ಮನೆಯಿಂದ ಹೊರಬಂದವರಿಗೂ ಸಮಾಜದಲ್ಲಿ ಗೌರವದ ಪೀಠವುಂಟೆಂಬುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನ ಬೇರೆ ಬೇಕೆ?

ಹಾಗಾದರೆ ವಿದ್ಯಾಸಂಸ್ಥೆಗಳ ಕರ್ತವ್ಯವೇನು? ಮನೆಯಲ್ಲಿನ ಪರಿವರ್ತನೆಗಳ ಮೊದಲ ಪೆಟ್ಟು ಬೀಳುವುದು ಮಕ್ಕಳ ಮೇಲೆ. ಚೆನ್ನಾಗಿ ಓದುತ್ತಿದ್ದ ಬಾಲಕ ಇದ್ದಕ್ಕಿದ್ದಂತೆ ಹಿಂದೆ ಬಿದ್ದರೆ, ಪ್ರಸಾದ ನಿಲಯದ ಹುಡುಗ ರಜೆಯಲ್ಲಿಯೂ ಊರಿಗೆ ಹೋಗಲು ಮನಸ್ಸು ಮಾಡದಿದ್ದರೆ, ಅದು ಸೋಮಾರಿತನವೆಂದು ದಂಡಿಸುವ ಮುನ್ನ ಉಪಾಧ್ಯಾಯರು ಅವನ ಮನೆಯ ಸ್ಥಿತಿಯನ್ನು ವಿಚಾರಿಸಬೇಕು. ತಾಯಿಯನ್ನು ಕಳೆದುಕೊಂಡವನೋ, ತಂದೆತಾಯಿಗಳ ಕಲಹದ ನಡುವೆ ನಲುಗಿದವನೋ ಆಗಿದ್ದರೆ, ಅವನಿಗೆ ಛಡಿಗಿಂತ ನಾಲ್ಕು ಸವಿಮಾತುಗಳು ಬೇಕು. ಹದಿನಾರು–ಹದಿನೇಳರ ಬಾಲಿಕೆ ಬೇಸಿಗೆ ರಜೆ ಮುಗಿದರೂ ಶಾಲೆಗೆ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ ಸುಮ್ಮನಿರಬಾರದು. ಅವಳ ಮನೆಯವರೆಗೆ ಹೋಗಿ ಬರಬೇಕು. ಬಾಲ್ಯವಿವಾಹವನ್ನು ತಡೆಯಬಲ್ಲ ಮೊದಲ ಅಧಿಕಾರಿ ಶಾಲೆಯ ಉಪಾಧ್ಯಾಯನೇ. ಗಂಡುಮಕ್ಕಳಿಗೆ ಅನ್ನ ಬೇಯಿಸುವುದನ್ನೂ ಬಟ್ಟೆ ಒಗೆಯುವುದನ್ನೂ ಪ್ರಸಾದ ನಿಲಯಗಳು ಕಲಿಸಿದರೆ, ಮುಂದೆ ಅವರ ಮನೆಗಳಲ್ಲಿ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಮಠಗಳು ಸಾಮೂಹಿಕ ವಿವಾಹಗಳನ್ನು ನಡೆಸಿ ಬಡವರನ್ನು ಸಾಲದ ಶೂಲದಿಂದ ಪಾರುಮಾಡುತ್ತಿರುವುದು ಸ್ತುತ್ಯರ್ಹವಾದ ಕಾರ್ಯ. ಅದರ ಮುಂದಿನ ಹೆಜ್ಜೆಯನ್ನೂ ಇಡಬಹುದು. ತಾಳಿ ಕಟ್ಟುವ ಮುನ್ನ ವಧೂವರರನ್ನು ಒಂದೆರಡು ದಿನ ಕೂರಿಸಿ, ಅನುಭವಿಗಳಾದ ದಂಪತಿಗಳಿಂದಲೂ ವೈದ್ಯರಿಂದಲೂ ಸಂಸಾರದ ಹಣಕಾಸು, ಆರೋಗ್ಯ, ಪರಸ್ಪರ ಗೌರವ ಇವುಗಳನ್ನು ಕುರಿತು ಸರಳವಾಗಿ ತಿಳಿಸಿಕೊಡುವ ಏರ್ಪಾಡು ಕಷ್ಟಸಾಧ್ಯವಾದುದೇನಲ್ಲ. ಆ ವೇದಿಕೆಯ ಮೇಲೆಯೇ, ಎಲ್ಲರ ಎದುರಿನಲ್ಲಿ, ಮಂಗಳವಾದ್ಯಗಳೊಡನೆ ವಿಧವೆಯರ ಮರುವಿವಾಹಗಳೂ ನಡೆಯುವಂತಾಗಲಿ. ರಾತ್ರಿಯ ಉಡಿಕೆ ಹಗಲಿನ ಕಲ್ಯಾಣವಾಗಲಿ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ವಿಜ್ಞಾಪನೆ. ನಾಡಿನ ಶಾಲೆಗಳ ಕೊಠಡಿಗಳ ಬಾಗಿಲ ಮೇಲೆ ಧರ್ಮಪತ್ನಿಯ ಸ್ಮರಣಾರ್ಥ, ಮಾತಾಪಿತೃಗಳ ಸ್ಮರಣಾರ್ಥ ಎಂಬ ಶಿಲಾಫಲಕಗಳು ಕಾಣುತ್ತವೆ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಜೀವಮಾನದ ಪ್ರೀತಿ ಇದೆ. ಆ ಪ್ರೀತಿಯಿಂದಲೇ ಎಷ್ಟೋ ಬಡಮಕ್ಕಳ ತಲೆಯ ಮೇಲೆ ಸೂರು ನಿಂತಿದೆ. ಅದಕ್ಕೆ ಸಮಾಜ ಋಣಿಯಾಗಿರಬೇಕು. ಆದರೆ ಕಲ್ಲಿನಲ್ಲಿ ಕೆತ್ತಿಸುವ ಮಾತನ್ನು ಆ ಜೀವ ಕೇಳಿಸಿಕೊಳ್ಳಬಲ್ಲ ಕಾಲದಲ್ಲಿಯೇ ಬಾಯಿಬಿಟ್ಟು ಆಡಿದರೆ ಅದರ ಪುಣ್ಯ ಇಮ್ಮಡಿಯಾದೀತು. ದೂರದೇಶಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ದತ್ತಿಯನ್ನು ಕಳುಹಿಸುವುದರ ಜೊತೆಗೆ, ಊರಿನಲ್ಲಿರುವ ತಂದೆತಾಯಿಗಳಿಗೆ ವಾರಕ್ಕೊಮ್ಮೆ ಬಿಡುವಾಗಿ ಮಾತನ್ನೂ ಕಳುಹಿಸಲಿ. ಊರಿನಲ್ಲಿಯೇ ಇರುವವರು ಸಂಗಾತಿಯನ್ನು ಕಳೆದುಕೊಂಡ ತಮ್ಮ ಹಳೆಯ ಗುರುಗಳ ಮನೆಗೆ ತಿಂಗಳಿಗೊಮ್ಮೆ ಹೋಗಿ ಕುಳಿತು ಬರಲಿ. ಇದಕ್ಕೆ ಹಣ ಬೇಕಿಲ್ಲ, ಸಮಿತಿ ಬೇಕಿಲ್ಲ.

ಮನೆಗಳ ಆಕಾರ ಬದಲಾಗುತ್ತಲೇ ಇರುತ್ತದೆ. ತೊಟ್ಟಿಯ ಮನೆ ಹೋಗಿ ಬಹುಮಹಡಿಯ ಮನೆ ಬಂತು. ಹತ್ತು ಜನರಿದ್ದಲ್ಲಿ ನಾಲ್ವರಾದರು, ನಾಲ್ವರಿದ್ದಲ್ಲಿ ಇಬ್ಬರಾದರು, ಇಬ್ಬರಲ್ಲಿ ಒಬ್ಬರು ಒಂದು ದಿನ ಅಗಲುವುದೂ ತಪ್ಪದು. ಈ ಪರಿವರ್ತನೆಗಳನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲ. ಪ್ರತಿಯೊಂದು ಪರಿವರ್ತನೆಯ ಹೊಸ್ತಿಲಲ್ಲಿಯೂ, ಅದನ್ನು ದಾಟಬೇಕಾದ ಜೀವದ ಪಕ್ಕದಲ್ಲಿ ಇನ್ನೊಂದು ಜೀವ ನಿಂತಿರುವಂತೆ ನೋಡಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಹಾಗೆ ನಿಲ್ಲುವ ಶಿಕ್ಷಣವನ್ನು ಎಳವೆಯಲ್ಲಿಯೇ ಕೊಡುವ ಶಾಲೆ ತನ್ನ ವಿದ್ಯಾರ್ಥಿಗಳ ಎಂಬತ್ತು ವರ್ಷಗಳ ಬಾಳಿಗೆ ಬುನಾದಿ ಹಾಕಿದಂತೆಯೇ ಸರಿ. ಅಂತಹ ಶಿಕ್ಷಣ ನಾಡಿನ ಶಾಲೆಗಳಲ್ಲೆಲ್ಲ ನೆಲೆಗೊಳ್ಳಲಿ. ಮನೆಮನೆಯಲ್ಲಿಯೂ ಸೌಹಾರ್ದದ ಬೆಳಕು ಮೂಡಲಿ.